ತಕ್ಕಡಿ ಇಳಿಯಲೇಬೇಕಿತ್ತು

ಬಚ್ಚಲ ಬಾಗಿಲಲ್ಲಿ ರಾಜೇಶ್ವರಿ ಮಗ್ಗುಲಾಗಿ ಬಿದ್ದಿದ್ದಳು. ಪಕ್ಕದಲ್ಲಿ ಕೊಡ ಉರುಳಿತ್ತು. ಜೀವ ಹೋಗಿತ್ತು. 2002ರ ಏಪ್ರಿಲ್. ಸಿಂದಗಿಯಲ್ಲಿ ಬೆಳಿಗ್ಗೆಯೇ ನೆಲ ಕಾದಿತ್ತು.

"ಇವನೇ ಕೊಂದಾನ್ರಿ!" ತಾಯಿ ರುಕ್ಮವ್ವ ಅಳಿಯನತ್ತ ಕೈಚಾಚಿ ಚೀರಿದಳು. "ದಪ್ಪ ಆಗ್ಯಾಳಂತ ದಿನಾ ಹಂಗಸ್ತಿದ್ದ. ಇನ್ನೊಂದು ಮದಿವಿ ಮಾತೂ ತಗದಿದ್ದ."

ಅಳಿಯ ಬಸಂತರಾಯ, ಹತ್ತಿ ವ್ಯಾಪಾರಿ, ಗೋಡೆಗೊರಗಿ ಕೂತಿದ್ದ.

ಪಿಎಸ್‌ಐ ಶ್ರೀಶೈಲ ಅಡುಗೆಮನೆ ನೋಡಿದ. ಒಂದು ಲೋಟ ಮಾತ್ರ ಆಗಷ್ಟೇ ತೊಳೆದು ಬೋರಲು ಹಾಕಿತ್ತು.

"ಯಾರು ತೊಳದ್ರು?"

"ನಾನ್ರಿ. ಆಕಿ ತೂಕ ಇಳಸೂ ಪುಡಿ ಕುಡದ ಲೋಟ. ಯಾಕ ತೊಳದ್ನೋ ನನಗೇ ತಿಳೀವಲ್ದು."

ಹೆಂಡತಿಯ ಹೆಣದ ಮುಂದೆ ಲೋಟ ತೊಳೆಯುವ ಗಂಡ! ಶ್ರೀಶೈಲ ಅವನನ್ನು ಠಾಣೆಗೆ ಕರೆದೊಯ್ದ. ಪುಡಿಯ ಡಬ್ಬಿ ಪ್ರಯೋಗಾಲಯಕ್ಕೆ ಹೋಯಿತು.

ಠಾಣೆಯಲ್ಲಿ ಬಸಂತರಾಯ ಬಾಯಿಬಿಟ್ಟ. "ನರ ಹಿಡದು ಕಾಲು ಸೆಡೀತಾವ ಅಂತಿದ್ಲ್ರಿ. ಅವ್ವಗ ಹೇಳಬ್ಯಾಡ, ಪುಡಿ ಬಿಡಸ್ತಾಳ ಅಂತ ನನ್ನ ಕಡಿಂದ ಆಣಿ ಹಾಕಿಸ್ಕೊಂಡ್ಲು. ಇವತ್ತ ನಿಮ್ಮ ಮುಂದಷ್ಟ ಹೇಳಾಕತ್ತೇನಿ."

\* \* \*

ಪುಡಿ ಕೊಟ್ಟವನು ತೂಕ ಇಳಿಸುವ ಕೇಂದ್ರದ ಡಾಕ್ಟರ್ ಕಲ್ಮೇಶ. ಕುರ್ಚಿ ಕೊಟ್ಟು ಚಹಾ ತರಿಸಿದ.

"ಮುಂಬಯಿ ಆಸ್ಪತ್ರ್ಯಾಗ ಪರೀಕ್ಷೆ ಆದ ಪಥ್ಯ ಇದು. ಊಟದ ಬದ್ಲಿ ಪುಡಿ. ಹಳ್ಳಿ ಹೆಣ್ಣುಮಕ್ಕಳಿಗೂ ನಡೀತೈತಿ ಅಂತ ತೋರ್ಸೋದು ನನ್ನ ಸಂಶೋಧನೆ."

"ಯಾರಿಗರ ತ್ರಾಸ ಆಗೇತೇನು?"

"ಯಾರಿಗೂ ಇಲ್ಲ. ಕನ್ನೊಳ್ಳಿ ಚಂದವ್ವ ಅನ್ನಾಕಿ ನಡುವೆ ಬಿಟ್ಲು. ಬಿಟ್ಟವರನ್ನ ನಾವು ಲೆಕ್ಕಕ್ಕ ಹಿಡಿಯೂದಿಲ್ಲ."

"ರಾಜೇಶ್ವರಿ ಕಡೀಗೆ ಯಾವಾಗ ಬಂದಿದ್ರು?"

"ಈ ಡಬ್ಬಿ ಒಯ್ದ ಮ್ಯಾಲೆ ಇತ್ತ ಬಂದೇ ಇಲ್ಲ, ಸುದ್ದೀನೂ ಇಲ್ಲ. ಪಾಪ, ಕಾಲು ಸೆಡತು ಒದ್ದಾಡಾಕತ್ತಾಗ ಗಂಡನಾದ್ರೂ ದವಾಖಾನಿಗೆ ತರಬಾರದಾಗಿತ್ತೇನು?"

ಶ್ರೀಶೈಲ ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟ. ಎದ್ದು ನೇರ ಕನ್ನೊಳ್ಳಿಗೆ ಜೀಪು ಬಿಡಿಸಿದ.

\* \* \*

ಚಂದವ್ವ ಹೊರಸಿನ ಮೇಲೆ ಮಲಗಿದ್ದಳು. ಏಳಲು ಹೋಗಿ ಆಗದೆ ಮತ್ತೆ ಒರಗಿದಳು.

"ಮೊಣಕಾಲು ನೋವಿಗೆ ತೂಕ ಇಳಸಂದ್ರು ಸಾಹೇಬ್ರ. ಮೊದಲಿನ ಪುಡೀಲೆ ಏನೂ ಆಗ್ಲಿಲ್ಲ. ಹೊಲದಾಗ ದುಡದ್ರ ಹಸಿವು ತಡೀತೈತೇನ್ರಿ? ರೊಟ್ಟಿ ತಿಂದೆ. ಡಾಕ್ಟರ್ರು ಬೈದು ಬ್ಯಾರೆ ಡಬ್ಬಿ ಕೊಟ್ರು. ಅದನ್ನ ಕುಡದ್ರ ಹಗಲೆಲ್ಲ ಕಾಲುಮಡಿಯಾಕ ಓಡೂದಾತು. ತಕ್ಕಡಿ ಇಳೀತು. ಕಾಲು ಸೆಡತು ಹೊಲದಾಗ ಬಿದ್ದೆ."

"ಡಾಕ್ಟರಿಗೆ ಗೊತ್ತೈತೇನು?"

"ನಮ್ಮ ಯಜಮಾನ್ರು ಹೋಗಿ ಹೇಳಿ ಬಂದಾರ. ಯಾರ ಮುಂದೂ ಅನಬ್ಯಾಡ ಅಂದ್ರಂತ."

\* \* \*

ಪ್ರಯೋಗಾಲಯದ ವರದಿ ಬಂತು. ವಿಷವಿರಲಿಲ್ಲ. ಪುಡಿಯಲ್ಲಿ ಮೂತ್ರ ಹೆಚ್ಚಿಸುವ ಮಾತ್ರೆ ಅರೆದು ಬೆರೆಸಲಾಗಿತ್ತು.

"ರಾಜೇಶ್ವರಿ ಕಾಲು ಸೆಡತಿದ್ದು ಆಕಿ ಗಂಡ ನನಗೊಬ್ಬಗ ಹೇಳಿದ್ದ," ಎಂದ ಶ್ರೀಶೈಲ, ಮತ್ತೆ ಕಲ್ಮೇಶನ ಎದುರು ಕೂತು. "ಸುದ್ದೀನೇ ಇಲ್ಲ ಅಂದ ನಿಮಗ ಹೆಂಗ ಗೊತ್ತಾತು? ಚಂದವ್ವಗ ಏನಾಗಿತ್ತು ಅಂತ ನಿಮಗ ಗೊತ್ತಿತ್ತು. ಈ ಪುಡಿ ಕುಡದವರಿಗೆ ಹಂಗೇ ಆಗ್ತೈತಿ ಅಂತ ಗೊತ್ತಿತ್ತು. ಗೊತ್ತಿದ್ದೂ ರಾಜೇಶ್ವರಿಗೆ ಅದನ್ನೇ ಕೊಟ್ರಿ. ಪಥ್ಯ ಇಲ್ಲಿ ನಡೀಲಿಲ್ಲ. ಕೊಬ್ಬು ಕರಗಲಿಲ್ಲ. ಮೈಯಾಗಿನ ನೀರು, ಉಪ್ಪು ತಗದು ತಕ್ಕಡಿ ಇಳಸಿದ್ರಿ, ಆಕಿ ಎದಿ ನಿಂತಿತು."

ಕಲ್ಮೇಶ ತನ್ನ ದಾಖಲೆ ಪುಸ್ತಕ ಮುಚ್ಚಿದ. "ಮುಂಬಯಿಯೊಳಗ ಖರೇನ ಇಳದಿತ್ರಿ."

"ಅಲ್ಲಿ ಪಲಂಗದ ಮ್ಯಾಲೆ ಮಲಗಿದ್ರು. ತೂಗಿ ಉಣಿಸೋರಿದ್ರು, ರಕ್ತ ನೋಡೋರಿದ್ರು. ಇಲ್ಲಿ ಆಕಿ ಈ ಬಿಸಿಲಾಗ ನೀರು ಹೊತ್ತಾಳ."

"ಪಥ್ಯ ನಡಿಯೂದಿಲ್ಲಂತ ಬರದು ಕೊಟ್ಟಿದ್ರ ನನ್ನ ಸಂಶೋಧನೆ ಅಲ್ಲಿಗೇ ಮುಗೀತಿತ್ತು."

"ಮುಗದಿದ್ರ ಆಕಿ ಉಳೀತಿದ್ಲು."

ಕೋಳ ತೊಡಿಸುವಾಗ ಶ್ರೀಶೈಲನಿಗೆ ಗೆದ್ದೆನೆನಿಸಲಿಲ್ಲ. ವಕೀಲರು ಬರುತ್ತಾರೆ, ಜಾಮೀನು ಸಿಗುತ್ತದೆ. ಅವನಿಗೆ ಗೊತ್ತಿತ್ತು.

ರುಕ್ಮವ್ವನ ಮನೆಗೆ ತಾನೇ ಹೋಗಿ ಎಲ್ಲ ತಿಳಿಸಿದ. ಅಳಿಯನ ತಪ್ಪಿಲ್ಲವೆಂದ.

"ಅವನೇ ಕೊಂದಿದ್ರ ಚಲೋ ಇತ್ತಪ್ಪಾ," ಎಂದಳು ಮುದುಕಿ. "ಇರೋತನಕ ಅವನ್ನ ಬೈಕೋಂತ ಇರ್ತಿದ್ದೆ. ಆ ಡಾಕ್ಟರನ ಕಡೆ ಆಕಿ ಕೈ ಹಿಡಕೊಂಡು ಹೋದಾಕಿ ನಾನು."