ಟೇಪಿನ ತುದಿ

ಪ್ರಭುಸ್ವಾಮಿಯ ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಗೇಟು ತಟ್ಟಿದ. ನಲ್ಲಿಯಲ್ಲಿ ನೀರು ಬಂತು. ಶಾಮಿಯಾನದವರು ಕೊನೆಯ ಕುರ್ಚಿಗಳನ್ನು ಆಟೋಗೆ ಹೇರಿಕೊಂಡು ಹೋದರು.

ಒಂಬತ್ತಕ್ಕೆ ಪ್ರಭುಸ್ವಾಮಿಯ ಫೋನು ಬಡಿದುಕೊಂಡಿತು. ಹೆಂಡತಿ ಶಿವರಂಜನಿ ಎತ್ತಿದಳು.

"ಪ್ರಭುಸ್ವಾಮಿ ಮೇಷ್ಟ್ರ ಮನೇನಾ? ನಗರಸಭೆಯಿಂದ. ಅವರ ಹೊಸ ರೂಮಿಗೆ ಪಕ್ಕದಲ್ಲಿ ಜಾಗ ಕಮ್ಮಿ ಬಿಡೋ ಸೆಟ್‌ಬ್ಯಾಕ್ ರಿಯಾಯಿತಿ ಅರ್ಜಿ ಸೋಮವಾರ ಮೀಟಿಂಗಿಗೆ ಬರುತ್ತೆ. ಪಕ್ಕದ ಮನೆಯವರ ಒಪ್ಪಿಗೆ ಪತ್ರ ಇನ್ನೂ ಕೊಟ್ಟಿಲ್ಲ. ಕೊಡದಿದ್ರೆ ಫೈಲ್ ಕ್ಲೋಸ್."

"ಅವರಿಲ್ಲ."

"ಬಂದ ಮೇಲೆ ಹೇಳಿ ಮೇಡಂ."

"ಹೇಳ್ತೀನಿ," ಅಂದಳು. ಸುಳ್ಳು ಹೇಳಿದೆನೆಂದು ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ.

"ಬುಟ್ಬುಡವ್ವ," ಅಂದರು ಅತ್ತೆ ಮಹಾದೇವಮ್ಮ. "ಇನ್ಯಾರಿಗೆ ಆ ರೂಮು? ಸೋಮವಾರ ನಿಮ್ಮಪ್ಪ ಬತ್ತೀನಿ ಅಂದವ್ರೆ. ಓಗಿ ನಾಕು ದಿನ ಇದ್ದು ಬಾ."

ನಾಲ್ಕು ದಿನವೆಂದರೆ ಎಷ್ಟು ದಿನವೆಂದು ಇಬ್ಬರಿಗೂ ಗೊತ್ತಿರಲಿಲ್ಲ.

ಫೈಲು ಬೀರುವಿನಲ್ಲಿತ್ತು. ಅದರ ಮೇಲೆ ಹಳದಿ ಅಳತೆ ಟೇಪು. ಮುಳ್ಳೂರಿನ ಗಾರೆ ಮೇಸ್ತ್ರಿ ಚಿಕ್ಕಸಿದ್ದಯ್ಯನದು. ಪ್ರಭು ಒಂದು ವಾರಕ್ಕೆಂದು ಇಸಿದುಕೊಂಡಿದ್ದು ಆರು ತಿಂಗಳಾಗಿತ್ತು. ಅದರ ಮೊದಲ ಒಂದಡಿ ಯಾವತ್ತೋ ತುಂಡಾಗಿ, ಉಳಿದ ತುದಿಗೆ ಮೇಸ್ತ್ರಿ ಉಂಗುರ ಕಟ್ಟಿಕೊಂಡಿದ್ದ. ಅಳೆದದ್ದರಲ್ಲಿ ಒಂದಡಿ ಕಳೆದು ಲೆಕ್ಕ ಹಿಡಿಯಬೇಕು.

ಜಾಗ ಅಳೆದ ದಿನ ಕಾಂಪೌಂಡಿನ ಬಳಿ ಉಂಗುರ ಹಿಡಿದು ನಿಂತವಳು ಅವಳೇ. ಮೇಸ್ತ್ರಿ ಮನೆ ಗೋಡೆಗೆ ಟೇಪು ಒತ್ತಿ ಅಳತೆ ಕೂಗಿದ, ಪ್ರಭು ಬರೆದುಕೊಂಡ. ಮೇಸ್ತ್ರಿ ಹೋದ ಮೇಲೆ ಇವನು ಟೇಪು ಸುತ್ತತೊಡಗಿದ.

"ತುದಿ ಬಿಡಬೇಡ ರಂಜು."

"ಬಿಟ್ರೆ?"

"ನೀನು ಎಷ್ಟು ದೂರ ಇದ್ದೀಯ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

ಸುತ್ತುತ್ತಲೇ ಹೋದ. ಉಂಗುರದ ಜೊತೆ ಅವಳೂ ಒಂದೊಂದೇ ಹೆಜ್ಜೆ ಬಂದಳು. ಅವನ ಕಣ್ಣು ಟೇಪಿನ ಮೇಲೆ, ನಗು ಮಾತ್ರ ಮೀಸೆಯಡಿ. ಇನ್ನು ಎರಡೇ ಅಡಿ ಅನ್ನುವಾಗ ಹಜಾರದಲ್ಲಿ ಅತ್ತೆ ಕೆಮ್ಮಿದರು.

"ಹನ್ನೊಂದಡಿ ಜಾಗ ಕಣೆ," ಅಂದ ಅವನು, ತಟ್ಟನೆ ಗಂಭೀರನಾಗಿ. "ರೂಮಿಗೆ ಒಂಬತ್ತು. ಉಳಿಯೋದು ಎರಡು. ರೂಲ್ ಪ್ರಕಾರ ಮೂರು ಬಿಡ್ಬೇಕು."

"ರೂಮೇ ಒಂದಡಿ ಚಿಕ್ಕದು ಮಾಡ್ರಿ. ರಗಳೆ ಮುಗಿಯುತ್ತೆ."

"ಆಗಲ್ಲ."

"ಯಾಕಂತೆ?"

"ಆಗಲ್ಲ ಅಂದ್ನಲ್ಲ."

ಯಳಂದೂರಿನ ಸ್ಕೂಲು ಮುಗಿಸಿ ಬಂದವನು ನಗರಸಭೆಗೆ ಓಡುತ್ತಿದ್ದ. ಆರು ತಿಂಗಳು. ಒಂದು ಅಡಿಗೆ. ಆಮೇಲೆ ಒಂದು ಮಧ್ಯಾಹ್ನ ಎದೆನೋವು ಅಂದ, ಅಷ್ಟೆ.

ಅವಳು ಟೇಪು ತೆಗೆದುಕೊಂಡು ಪಕ್ಕದ ಮನೆಗೆ ಹೋದಳು.

ಪುಟ್ಟಮಲ್ಲಮ್ಮ ಅಕ್ಕಿ ಆರಿಸುತ್ತಿದ್ದರು. ಇವಳನ್ನು ಕಂಡು ಮೊರ ಬದಿಗಿಟ್ಟರು. "ಬಾ ಮಗ. ಕೂತ್ಕೊ."

"ರೂಮಿಗೆ ನಿಮ್ಮ ಸಹಿ ಬೇಕಿತ್ತು."

ಅವರು ಕೈಗಂಟಿದ ನುಚ್ಚು ಕೊಡವಿಕೊಂಡರು. "ಮೇಷ್ಟ್ರು ಮೂರು ಸಲ ಬಂದ್ರು. ಇಲ್ಲ ಅಂದು ಕಳಿಸ್ಬುಟ್ಟೆ. ಈಗ ನಂಗೇ ಸಂಕ್ಟ. ಆದ್ರೂ ನೋಡು ಮಗ, ಎರಡೇ ಅಡಿ ಬುಟ್ಟು ಗೋಡೆ ಎತ್ತುದ್ರೆ ನಮ್ ಅಡ್ಗೆಮನೆಗೆ ಗಾಳಿ ಎಲ್ಲಿಂದ ಬತ್ತದೆ? ಮೂರಡಿ ಬುಡಿ, ನಂದೇನೂ ತಕ್ರಾರಿಲ್ಲ."

"ಒಂದು ಸಲ ಅಳೆಯೋಣ ಅಮ್ಮ. ತುದಿ ಹಿಡ್ಕೊಳ್ಳಿ."

ಯಾಕೆ ಹಾಗಂದಳೋ. ಹಠವಲ್ಲ, ಆಸೆಯೂ ಅಲ್ಲ. ಅಂದು ಅಳೆದ ಜಾಗದಲ್ಲಿ ಇನ್ನೊಂದು ಸಲ ನಿಲ್ಲಬೇಕಿತ್ತು.

ಪುಟ್ಟಮಲ್ಲಮ್ಮ ಕಾಂಪೌಂಡಿನ ಬಳಿ ಉಂಗುರ ಹಿಡಿದರು. ಅವಳು ತನ್ನ ಮನೆ ಗೋಡೆಗೆ ಟೇಪು ಒತ್ತಿದಳು. ಹದಿಮೂರು. ಒಂದು ಕಳೆದರೆ ಹನ್ನೆರಡು. ನಕ್ಷೆಯಲ್ಲಿ ಹನ್ನೊಂದು. ಮತ್ತೆ ಹಿಡಿಸಿದಳು. ಹದಿಮೂರೇ.

ಆಗ ತಿಳಿಯಿತು. ಮೇಸ್ತ್ರಿ ಆವತ್ತು ತನ್ನ ಅಭ್ಯಾಸದಂತೆ ಒಂದಡಿ ಕಳೆದೇ ಕೂಗಿದ್ದ. ಪ್ರಭು ಮತ್ತೆ ಒಂದಡಿ ಕಳೆದು ಬರೆದುಕೊಂಡಿದ್ದ.

"ಹನ್ನೆರಡಿದೆ ಅಮ್ಮ. ರೂಮು ಕಟ್ಟಿದ್ರೂ ಮೂರಡಿ ಉಳಿಯುತ್ತೆ. ರಿಯಾಯಿತಿ ಬೇಕೇ ಇರಲಿಲ್ಲ."

"ಅಯ್ಯೋ! ಲೆಕ್ಕದ ಮೇಷ್ಟ್ರು ಕಣವ್ವ ಅವ್ರು!"

ಶಿವರಂಜನಿಗೆ ನಗು ಬಂತು. ಹನ್ನೆರಡು ದಿನದಲ್ಲಿ ಮೊದಲ ನಗು. ಅದು ಅರ್ಧಕ್ಕೇ ಮುರಿದು ಬೇರೇನೋ ಆದಾಗ ಪುಟ್ಟಮಲ್ಲಮ್ಮ ಉಂಗುರ ಬಿಟ್ಟು ಬಂದು ಅವಳ ತಲೆಯನ್ನು ಹೆಗಲಿಗೆ ಒತ್ತಿಕೊಂಡರು.

ಮನೆಗೆ ಬಂದು, ಅಳತೆ ತಿದ್ದಲು ಫೈಲಿನ ನಕ್ಷೆ ಬಿಚ್ಚಿದಳು. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಅವನ ಅಕ್ಷರ: *ರಂಜು ಎಡಗೈಯಲ್ಲಿ ಬರೀತಾಳೆ. ಬೆಳಕು ಬಲಗಡೆಯಿಂದ ಬರಬೇಕು. ಕಿಟಕಿ ಪೂರ್ವಕ್ಕೆ, ಮೇಜು ಉತ್ತರದ ಗೋಡೆಗೆ. ಎಂಟಡಿ ಮಾಡಿದರೆ ಮೇಜೋ ಪುಸ್ತಕದ ಬೀರುವೋ ಒಂದೇ ಹಿಡಿಯೋದು. ಎರಡೂ ಬೇಕು.*

ಎಂ.ಎ. ಮುಗಿಸಿ, ಮದುವೆಯಾಗಿ ಬಂದು ನಾಲ್ಕು ವರ್ಷ ಅಡುಗೆಮನೆಯ ಕಟ್ಟೆಯ ಮೇಲೆ ಬರೆದಿದ್ದಳು, ತನ್ನ ಕೈನೆರಳಿನಲ್ಲೇ. ಅದನ್ನವನು ನೋಡಿದ್ದ.

ಸಂಜೆ ಅತ್ತೆಗೆ ಹೇಳಿದಳು, "ಸೋಮವಾರ ನಾನು ನಗರಸಭೆಗೆ ಹೋಗಬೇಕು. ಅರ್ಜಿ ವಾಪಸ್ ತಗೊಂಡು ಹೊಸ ನಕ್ಷೆ ಕೊಡ್ತೀನಿ. ಅಪ್ಪನಿಗೆ ಫೋನ್ ಮಾಡಿ ಬರೋದು ಬೇಡ ಅಂದಿದೀನಿ."

ಮಹಾದೇವಮ್ಮ ಕಾಂಪೌಂಡಿನ ಕಡೆ ನೋಡಿದರು. "ಕಿಟ್ಕಿ ದೊಡ್ಡದಾಗೇ ಮಡಗ್ಸು," ಅಂದರು.

ಮರುದಿನ ಮುಳ್ಳೂರಿಗೆ ಹೋದಳು. ಚಿಕ್ಕಸಿದ್ದಯ್ಯ ಯಾರದೋ ಕೊಟ್ಟಿಗೆಗೆ ಪಾಯ ಹಾಕಿಸುತ್ತಿದ್ದ. ಅವಳನ್ನು ಕಂಡು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿದ.

"ಇದಕ್ಯಾಕ್ ತಾಯಿ ಬರಾಕ್ ಓದ್ರಿ? ಟೇಪು ಎಲ್ಲಿಗ್ ಓಗ್ತಿತ್ತು?"

"ಅವರು ಇಸ್ಕೊಂಡಿದ್ದು. ಕೊಡಬೇಕಿತ್ತು. ಆವತ್ತು ನೀವು ಒಂದಡಿ ಕಳೆದೇ ಹೇಳಿದ್ರಾ?"

"ಊಂ ಮತ್ತೆ. ಯಾವಾಗ್ಲೂ ಕಳ್ದೇ ಏಳೋದು. ಯಾಕ್ ತಾಯಿ?"

"ಏನಿಲ್ಲ. ಪರ್ಮಿಷನ್ ಸಿಕ್ಕಿದ ತಕ್ಷಣ ಪಾಯ ತೆಗೀಬೇಕು. ಬರ್ತೀರಲ್ಲ?"

"ಬರ್ದೆ ಇರ್ತೀನಾ?" ಅವನು ಟೇಪನ್ನು ಉದ್ದಕ್ಕೆ ಎಳೆದ. "ಮಣ್ಣು ಕೂತದೆ. ತುದಿ ಇಡ್ಕಳಿ, ಒರೆಸ್ಕಂಡು ಸುತ್ತಿ ಮಡಗ್ತೀನಿ."

ಅವಳು ಉಂಗುರ ಹಿಡಿದಳು. ಅವನು ಒರೆಸುತ್ತ ಸುತ್ತುತ್ತ ಬಂದ. ಟೇಪು ಬಿಗಿಯಾಯಿತು. ಅವಳ ಕಾಲು ಒಂದು ಹೆಜ್ಜೆ ಮುಂದೆ ಹೋಗಿ ಅಲ್ಲೇ ನಿಂತಿತು.

"ಸಾಕು, ಬುಡಿ ತಾಯಿ," ಅಂದ ಚಿಕ್ಕಸಿದ್ದಯ್ಯ.

ಇನ್ನೊಂದು ಕ್ಷಣ ಹಿಡಿದಿದ್ದು, ಬಿಟ್ಟಳು.