ತೆರದ ಕುದುರೆಯ ಬೆನ್ನು

ಎರಡು ಮಳೆಗಾಲ ಇತ್ತ ತಲೆ ಹಾಕದಿದ್ದ ರೆಹಿ ಅಂದು ಬೆಳಿಗ್ಗೆ ಕುದುರೆ ಹಿಡಿದುಕೊಂಡು ಟಿಲಾಳ ಅಂಗಳಕ್ಕೆ ಬಂದ. ಸುತ್ತಲ ಊರುಗಳ ಕುದುರೆಗಳಿಗೆಲ್ಲ ಚರ್ಮದ ಮದ್ದು ಅವಳದೇ. ಬಂದವನ ಮುಂದೆ ಅವಳು ಎಲೆಯಡಿಕೆಯ ಬುಟ್ಟಿ ಇಡಲಿಲ್ಲ. ಸುಂಬಾ ದ್ವೀಪದಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ.

“ಏನು ಮದುಮಗ, ದಾರಿ ತಪ್ತಾ?”

“ಇದು ಹತ್ತಿದ್ರೆ ಒದರಿ ಬೀಳಿಸ್ತಿದೆ. ಬೆನ್ನೆಲ್ಲ ಉಜ್ಕೊಂಡು ಹುಣ್ಣು. ಹತ್ತು ದಿನದಲ್ಲಿ ಮದ್ವೆಗೆ ಕೊಡೋ ತೆರದ ಕುದುರೆಗಳನ್ನ ಹೆಣ್ಣಿನ ಮನೆಗೆ ಒಪ್ಪಿಸ್ಬೇಕು. ಚರ್ಮ ಕೆಟ್ಟಿದ್ರೆ ತಗೊಳ್ಳಲ್ವಂತೆ. ದೊಡ್ಡಪ್ಪ ಕಳ್ಸಿದ್ರು.”

ಎರಡು ವರ್ಷದ ಹಿಂದೆ ಇಬ್ಬರ ಮದುವೆಯ ಮಾತೆದ್ದು, ಟಿಲಾಳ ಮನೆತನ ಸಾಲದು ಎಂದು ಆ ದೊಡ್ಡಪ್ಪ ಅಂದಾಗ ಇವನು ನೆಲ ನೋಡುತ್ತ ನಿಂತಿದ್ದ. ಅವಳು ಒಂದು ದಿನವೂ ಅದನ್ನು ಮರೆತಿರಲಿಲ್ಲ. ಹುಣ್ಣು ಕೆದಕಿಬಿಟ್ಟರೆ ಅಲ್ಲಿ ಬಿಳಿಗೂದಲು ಹುಟ್ಟುತ್ತದೆ. ಬೀಗರೆದುರು ಇವನ ಮಾನ ಹೋಗುತ್ತದೆ. ಯೋಚನೆಯೇ ಬೆಲ್ಲದಂತಿತ್ತು. ಆದರೆ ಕುದುರೆ ಮೂತಿಯನ್ನು ಅವಳ ತೋಳಿಗೆ ಒತ್ತಿತು. ಸೇಡು ಇವನ ಮೇಲಷ್ಟೇ ಸಾಕು ಎಂದುಕೊಂಡಳು.

“ಉಪ್ಪುನೀರಲ್ಲಿ ನೀನೇ ತೊಳಿ. ಕೈಗೆ ಸುತ್ತಿರೋ ಬಟ್ಟೆ ಬಿಚ್ಚು.”

“ಇರ್ಲಿ ಬಿಡೆ.”

“ಬಿಚ್ಚೋ ಅಂದ್ರೆ!”

ನೀರು ತಾಗಿದ್ದೇ ರೆಹಿ ಹಲ್ಲು ಕಚ್ಚಿದ. ಅಂಗೈ ತುಂಬ ಬೊಕ್ಕೆ, ಸುಟ್ಟ ಕಪ್ಪು. ಕುದುರೆಯ ಬೆನ್ನಿನಲ್ಲೂ ಅದೇ ಕಪ್ಪು. ಗೇರುಬೀಜ ಸುಲಿದು ಬೆಳೆದವಳಿಗೆ ಆ ಗುರುತನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

“ಗೇರುಸಿಪ್ಪೆ ಎಣ್ಣೆ! ನೀನೇ ಹಚ್ಚಿದ್ಯಾ, ಪಾಪಿ?”

“ಕುದುರೆ ಬೇಡ ಅಂದ್ರೆ ಮದ್ವೆನೂ ನಿಲ್ಲತ್ತೆ ಅಂತ...” ಅವನ ದನಿ ಇಳಿಯಿತು. “ನಿನ್ನ ಬಿಟ್ಟು ಇರಕ್ಕಾಗಲ್ಲ, ಟಿಲಾ.”

ಅವಳ ಎದೆ ಹಿಗ್ಗಿತು. ತೋರಗೊಡದೆ, ಉಳಿದ ಉಪ್ಪುನೀರನ್ನಷ್ಟೂ ಅವನ ಅಂಗೈಗೆ ಸುರಿದಳು.

“ಅಯ್ಯೋ! ಉರಿಯುತ್ತೆ ಕಣೇ!”

“ಕುದುರೆಗೂ ಹೀಗೇ ಉರೀತು. ಅದಕ್ಕೆ ಬಾಯಿರ್ಲಿಲ್ಲ. ನಿಂಗಿತ್ತಲ್ಲ?”

ಏಳು ದಿನ ಅರಿಸಿನ ಕಲಸಿದ ಕೊಬ್ಬರಿ ಎಣ್ಣೆಯನ್ನು ಕುದುರೆಗೆ ಹಚ್ಚಿದಳು. ದಿನವೂ ನೀರು ಹೊತ್ತು ತಂದವನ ಕೈಗೆ ಒಂದು ಹನಿಯನ್ನೂ ಕೊಡಲಿಲ್ಲ. ಅವನು ಕದ್ದು ನೋಡಿದಾಗಲೆಲ್ಲ ಬೆನ್ನು ತಿರುಗಿಸಿ ನಕ್ಕಳು. ಎಂಟನೆಯ ದಿನ ಹುಣ್ಣು ಒಣಗಿ, ಹೊಸ ಕೂದಲು ಚಿಗುರಿತು.

“ವಾಸಿಯಾಯ್ತು. ಇನ್ನು ನೆಪ ಇಲ್ಲ. ಹೋಗಿ ಮದ್ವೆ ಆಗು, ಇಲ್ಲ ದೊಡ್ಡಪ್ಪನ ಮುಂದೆ ಬಾಯಿ ಬಿಡು.”

ಸಂಜೆ ಅವನು ನಡೆದುಕೊಂಡೇ ಹಿಂದಿರುಗಿದ. ಎಡಗೆನ್ನೆ ಊದಿತ್ತು.

“ಟಿಲಾನ್ನೇ ಆಗೋದು ಅಂದೆ. ದೊಡ್ಡಪ್ಪ ಹೊಡೆದ್ರು. ಕುದುರೆ ಕಿತ್ಕೊಂಡ್ರು. ತೆರಕ್ಕೆ ಏನೂ ಇಲ್ಲ ನನ್ ಹತ್ರ.”

“ಬಲಗೆನ್ನೆ ಇದೆಯಲ್ಲ. ಎರಡು ವರ್ಷದಿಂದ ಅದು ನಂದು.”

ಹೊಡೆದಳು. ಆಮೇಲೆ ಕೈ ಅಲ್ಲಿಂದ ಏಳಲಿಲ್ಲ.