ಬನ್ನಿ ಬುಡದ ಮಣ್ಣು

ಸಂತೆಯ ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದ ರೇಣವ್ವ ಬದುವಿನ ಮೇಲೇ ಕುಸಿದು ಕುಳಿತಳು. ಮೂರು ಎಕರೆ ಹತ್ತಿ ಸಸಿ ಕುತ್ತಿಗೆ ತಿರುಚಿಕೊಂಡು ಮಲಗಿತ್ತು. ನಡುವೆ ತಾನಾಗಿ ಎದ್ದಿದ್ದ ಜೋಳದ ದಂಟುಗಳು ಮಾತ್ರ ತಮಗೇನೂ ಗೊತ್ತೇ ಇಲ್ಲ ಅನ್ನುವಂತೆ ನಿಂತಿದ್ದವು.

ದೇವಣಗಾಂವದಲ್ಲಿ ಇದನ್ನು ಯಾರೂ ರೋಗ ಅನ್ನಲಿಲ್ಲ. ಜೋಳ ಬಿಟ್ಟು ಹತ್ತಿಯನ್ನಷ್ಟೇ ಕೊಲ್ಲುವುದು ಕಳೆ ಔಷಧ. ಊರಿಗೆಲ್ಲ ಅದರ ಡಬ್ಬಿ ಇದ್ದದ್ದು ಕೃಷಿ ಇಲಾಖೆಯ ಬೀಜದ ಹೊಲದ ಕೋಣೆಯಲ್ಲಿ. ಕೋಣೆಗೆ ಒಂದೇ ಕೀಲಿಕೈ, ಅದು ಔಷಧ ಹೊಡೆಯುವ ಮೈಬೂಬನ ಸೊಂಟದಲ್ಲಿ. ಊರೆಲ್ಲ ಸಂತೆಗೆ ಹೋದ ದಿನ ಅವನೊಬ್ಬ ಹೋಗಿರಲಿಲ್ಲ. ಬೀಜದ ಹೊಲಕ್ಕೆ ದನ ಬಿಟ್ಟಳೆಂದು ರೇಣವ್ವನ ಜೊತೆ ಜಗಳ ಬೇರೆ ಆಡಿದ್ದ.

ಪಕ್ಕದ ಹೊಲದ ಶ್ರೀಶೈಲಪ್ಪ ಎದೆ ಬಡಿದುಕೊಂಡ. ಬದುವಿನ ಬನ್ನಿ ಗಿಡದ ಹತ್ತಿರ ಅವನ ನಾಲ್ಕು ಸಾಲು ಹತ್ತಿಯೂ ರೇಣವ್ವನದಕ್ಕಿಂತ ಹೆಚ್ಚು ಸುಟ್ಟು ಸತ್ತಿತ್ತು. ಆ ಔಷಧದ ಹನಿ ತನ್ನ ಹೊಲ ಕಂಡದ್ದೇ ಇಲ್ಲ ಎಂದು ಪಂಚನಾಮೆಗೆ ಹೆಬ್ಬೆಟ್ಟು ಒತ್ತಿದ.

*

“ಕೀಲಿಕೈ ಒಂದ, ಅದನ್ನ ಇಟ್ಕೊಂಡಾಂವಾ ಒಬ್ಬ. ಇನ್ನೇನ್ ಬೇಕವಾ?” ಅಂದರು ಫೌಜದಾರ ಸಿದ್ದರಾಯರು. “ದಸರಾ ಮುಗದ ಮರುದಿನ ಬಿಜಾಪುರ ಕೋರ್ಟಿಗೆ ಕಳಸ್ತೇನಿ.”

ಮೈಬೂಬನ ಹೆಂಡತಿ ಅಬಿದಾ ಠಾಣೆಯ ಕೋಣೆಯ ಸರಳು ಹಿಡಿದು ನಿಂತಳು.

“ನಾ ಮಾಡಿಲ್ಲ,” ಅಂದ ಒಳಗಿದ್ದ ಗಂಡ. “ಆದ್ರ ಮಾಡಿಲ್ಲಂತ ಹ್ಯಾಂಗ್ ತೋರಸ್ಲಿ? ನಾನಽ ಪಂಚ ಆಗಿದ್ರ, ನಾನೂ ನನ್ನ ನಂಬ್ತಿರಲಿಲ್ಲ.”

ಅಬಿದಾ ಸರಳು ಬಿಟ್ಟು ಹೊರಗೆ ನಡೆದಳು. ಊರಿನ ಬಾಯಿ ಮುಚ್ಚಬಹುದು, ಆ ಕೀಲಿಕೈಗೆ ಏನು ಹೇಳುವುದು?

*

ಅಬಿದಾ ಬಳೆ ಮಾರುವವಳು. ದಸರೆಯ ವಾರ ಮನೆಯಲ್ಲಿ ಕೂತರೆ ವರ್ಷವೆಲ್ಲ ಉಪವಾಸ. ನವರಾತ್ರಿಯ ಏಳನೆಯ ದಿನ ಬಳೆಗಳ ಮಲಾರ ಹೆಗಲಿಗೆ ಏರಿಸಿ ನೇರ ರೇಣವ್ವನ ಮನೆಗೇ ಹೋದಳು. ಧೈರ್ಯ ಅನ್ನಿ, ಭಂಡತನ ಅನ್ನಿ.

ರೇಣವ್ವ ಕೈ ಹಿಂದಕ್ಕೆ ಎಳೆದುಕೊಂಡಳು. “ನಿನ್ನ ಕೈಲೆ ಬಳಿ ಇಟ್ಕೊಳ್ಳಲೇನ? ನೋಡಲ್ಲೆ, ದೇವಿನೂ ಮುನಿಸ್ಕೊಂಡಾಳ.”

ದೇವರ ಕೋಣೆಯಲ್ಲಿ ಘಟ್ಟ ಹಾಕಿದ್ದರು. ನವರಾತ್ರಿಯ ಮೊದಲ ದಿನ ಹೊಲದ ಮಣ್ಣು ತಂದು ಕಾಳು ಬಿತ್ತುವುದು ಇಲ್ಲಿಯ ಪದ್ಧತಿ. ರೇಣವ್ವನ ಘಟ್ಟದಲ್ಲಿ ಗೋಧಿ, ಜೋಳ ಎದ್ದಿದ್ದವು. ಹೆಸರು, ಮಡಕಿ ಕಾಳುಗಳು ಮೊಳೆತಲ್ಲೇ ತಿರುಚಿಕೊಂಡಿದ್ದವು. ಪಾಪ, ದೇವಿಯ ತಪ್ಪೇನು? ಮಣ್ಣಿನಲ್ಲಿ ಔಷಧ ಇನ್ನೂ ಇತ್ತು.

ಅಲ್ಲಿಂದ ಶ್ರೀಶೈಲಪ್ಪನ ಮನೆ. ಅವನ ಹೆಂಡತಿ ಹನಮವ್ವ ಒಳ್ಳೆಯ ಹೆಂಗಸು, ಕೈ ಚಾಚಿದಳು. ಹಸಿರು ಬಳೆ ಏರಿಸುತ್ತ ಅಬಿದಾ ಬಾಗಿಲ ಸಂದಿಯಿಂದ ಒಳಗೆ ನೋಡಿದಳು. ಅಲ್ಲಿಯ ಘಟ್ಟದಲ್ಲಿ ಹೆಸರು ಎರಡೆಲೆ ಬಿಟ್ಟು ನಗುತ್ತಿತ್ತು.

“ಘಟ್ಟದ ಮಣ್ಣ ಎಲ್ಲಿದಕ್ಕಾ?”

“ಹಿರ್ಯಾರ ಕಾಲದಿಂದ ಬನ್ನಿ ಬುಡದ್ದಽ. ರೇಣವ್ವನ ಮನ್ಯಾವ್ರು ಆ ಕಡಿಂದ ತರ್ತಾರ, ನಾವು ಈ ಕಡಿಂದ. ಈ ಸಲ ನಮ್ಮನ್ಯಾವ್ರು ಸತ್ತ ಸಾಲಿನಾಗಿಂದಽ ತಂದ್ರು, ಪದ್ಧತಿ ಬಿಡಾಕ ಬರ್ತೈತೇನ?”

ಅಬಿದಾಳ ಕೈಯಲ್ಲಿ ಬಳೆ ಪಟ್ಟೆಂದಿತು.

“ಹೆಚ್ಚಾತು ಬಿಡು, ಬ್ಯಾರೇದ ಇಡು,” ಅಂದಳು ಹನಮವ್ವ, ಬಳೆ ‘ಒಡೆಯಿತು’ ಅನ್ನಬಾರದೆಂದು.

*

“ಘಟ್ಟದಾಗಿನ ಹುಲ್ಲಿನ ಕತಿ ಹೇಳಾಕ ಬಂದಿಯೇನು?” ಫೌಜದಾರರು ಗದರಿದರು.

“ಹೌದ್ರಿ, ಕೇಳ್ರಿ. ಬೀಜದ ಹೊಲದಾಗ ವರ್ಷ ವರ್ಷಾ ಔಷಧ ಹೊಡಿಯೂ ಒಂದು ಪಟ್ಟಿ ನೆಲ ಐತ್ರಿ. ಮೊದಲ ವರ್ಷ ಅದ್ರಾಗ ತಿಂಗಳಾದ್ರೂ ಹೆಸರು ಹುಟ್ಟಲಿಲ್ಲ. ಈಗ ವಾರದಾಗ ಹುಟ್ಟತೈತಿ. ಮಣ್ಣಾಗ ಕಣ್ಣಿಗೆ ಕಾಣದ ಸಣ್ಣ ಜೀವ ಇರ್ತಾವಂತ. ಮೊದಲ ಸಲ ಔಷಧ ಬಿದ್ರ ತಿನ್ನಾಕ ಬರಂಗಿಲ್ಲ. ವರ್ಷಾ ಬಿದ್ರ ರೂಢಿಯಾಗಿ ಲಗೂನ ತಿಂದು ಮುಗಸ್ತಾವ. ಕೃಷಿ ಸಾಹೇಬ್ರು ನಮ್ಮನ್ಯಾವ್ರಿಗೆ ಹೇಳ್ಯಾರ.”

“ಆ ಕಡೆ ಔಷಧ ಕಡಿಮಿ ಬಿದ್ದಿರಬೇಕು.”

“ಶ್ರೀಶೈಲಪ್ಪನ ಸಾಲು ಹೆಚ್ಚು ಸುಟ್ಟಾವಂತ ಪಂಚನಾಮೇದಾಗ ನೀವಽ ಬರದು ಊರ ಮುಂದ ಓದೀರಿ.”

ಸಿದ್ದರಾಯರು ಕಾಗದ ತೆಗೆದು ಓದಿದರು. ಎರಡು ಸಲ ಓದಿದರು. ತಮ್ಮದೇ ಅಕ್ಷರ.

“ಒಂದಽ ಬನ್ನಿ ಗಿಡ, ಒಂದಽ ದಿನದ ಔಷಧ,” ಅಂದಳು ಅಬಿದಾ. “ರೇಣವ್ವನ ಮಣ್ಣಿಗೆ ಅದು ಹೊಸಾದು, ಹೆಸರು ತಿರುಚಿತು. ಶ್ರೀಶೈಲಪ್ಪನ ಮಣ್ಣಿಗೆ ವರ್ಷಗಟ್ಟಲೆ ರೂಢಿ, ಹೆಸರು ಎದ್ದು ನಿಂತಿತು. ಎಂದೂ ಹನಿ ಕಂಡಿಲ್ಲ ಅಂದಾವನ ಹೊಲಕ್ಕ ರೂಢಿ ಹ್ಯಾಂಗ್ ಆತ್ರಿ? ಇನ್ನೊಂದು ಡಬ್ಬಿ ಐತಿ. ಹುಡುಕ್ರಿ.”

*

ಡಬ್ಬಿ ಶ್ರೀಶೈಲಪ್ಪನ ಬರಿದಾದ ಹಗೇವಿನಲ್ಲಿತ್ತು, ಕಾಳು ತುಂಬುವ ನೆಲಗುಣಿಯಲ್ಲಿ, ಗೋಣಿಚೀಲದ ಕೆಳಗೆ.

ಸೊಲ್ಲಾಪುರದ ಕಡೆಯ ಕಬ್ಬಿನ ತೋಟದಲ್ಲಿದ್ದ ಅವನ ಭಾವ ಅದನ್ನು ತಂದುಕೊಡುತ್ತಿದ್ದ. ಶ್ರೀಶೈಲಪ್ಪ ಮೂರು ವರ್ಷ ಅದನ್ನು ಹುಳ ಸಾಯಿಸುವ ಎಣ್ಣೆ ಎಂದು ಹೇಳಿ ತನ್ನ ಜೋಳಕ್ಕೆ ಹೊಡೆದಿದ್ದ. ರೇಣವ್ವನ ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಕೇಳಿದ್ದ, ಅವಳು ಒಲ್ಲೆ ಅಂದಿದ್ದಳು. ಬೆಳೆ ಹೋದರೆ ತಾನಾಗಿ ಕೊಡುತ್ತಾಳೆ ಎಂದು ಎಣಿಸಿದ. ಸಂತೆಗೆ ಹೊರಟು ಅರ್ಧ ದಾರಿಯಿಂದ ತಿರುಗಿ ಬಂದ. ಮೈಬೂಬನ ಕೀಲಿಕೈ ಊರಿಗೆಲ್ಲ ಗೊತ್ತಿತ್ತಲ್ಲ. ಸಂಶಯ ಬರದಿರಲಿ ಎಂದು ತನ್ನ ನಾಲ್ಕು ಸಾಲಿಗೂ ಹೊಡೆದ. ಆ ನಾಲ್ಕು ಸಾಲೇ ಅವನನ್ನು ಹಿಡಿದುಕೊಟ್ಟವು.

*

ದಸರೆಯ ಮುಂಜಾನೆ ಮೈಬೂಬ ಮನೆಗೆ ಬಂದ. ಒಳಗೆ ಕೂರಲಾರದೆ ಬಾಗಿಲು ಅಷ್ಟೂ ತೆರೆದು ಕಟ್ಟೆಯ ಮೇಲೆ ಕುಳಿತ. ಊರವರು ಬನ್ನಿ ಹಿಡಿದು ಬಂದರು. ‘ಬಂಗಾರದಂಗ ಇರೂನು’ ಅಂದರು. ಅವನು ಎಲ್ಲರಿಂದಲೂ ತೆಗೆದುಕೊಂಡ, ಯಾರ ಮುಖವನ್ನೂ ನೋಡಲಿಲ್ಲ.

ಎಲ್ಲರೂ ಹೋದ ಮೇಲೆ ರೇಣವ್ವ ಬಂದಳು. ಬನ್ನಿ ಕೊಡುವ ಧೈರ್ಯ ಅವಳಿಗೆ ಬರಲಿಲ್ಲ. ಅಬಿದಾಳ ಮುಂದೆ ಕುಳಿತು, ಅಂದು ಹಿಂದಕ್ಕೆ ಎಳೆದುಕೊಂಡಿದ್ದ ಕೈಯನ್ನೇ ಚಾಚಿದಳು.

ಅಬಿದಾ ಬಹಳ ಹೊತ್ತು ಆ ಕೈ ನೋಡಿದಳು. ಆಮೇಲೆ ಮಲಾರ ಬಿಚ್ಚಿದಳು.